ನೃತ್ಯ ಕಟ್ಟಿದವರು ಹೋದ ಮೇಲೆ ಆ ನೃತ್ಯ ಯಾರದ್ದು? ಜಾರ್ಜ್ ಬ್ಯಾಲಂಚೀನ್ ಬಗ್ಗೆ ಮಾತಾಡೋಣ

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಭರತನಾಟ್ಯ, ಕಥಕ್, ಯಕ್ಷಗಾನದ ಬಗ್ಗೆ ಮಾತು ನಡೆಯುತ್ತಲೇ ಇರುತ್ತದೆ. ಬ್ಯಾಲೆ ಬಗ್ಗೆ ಮಾತ್ರ ಯಾರೂ ಬರೆದ ಹಾಗಿಲ್ಲ. ನನಗೆ ಬಹಳ ಇಷ್ಟವಾದ ಒಬ್ಬ ನೃತ್ಯ ಸಂಯೋಜಕರ ಬಗ್ಗೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ನಿಮ್ಮೆಲ್ಲರ ಉತ್ತರ ಬೇಕು.

ಜಾರ್ಜ್ ಬ್ಯಾಲಂಚೀನ್ ಹುಟ್ಟಿದ್ದು 1904ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಮೆಲಿಟನ್ ಬಾಲಂಚಿವಾಡ್ಜೆ ಜಾರ್ಜಿಯಾದವರು, ಸಂಗೀತ ರಚನೆಕಾರರು. ಹುಡುಗ ಬ್ಯಾಲೆಗೆ ಬಂದದ್ದು ಅಕ್ಕನ ದೆಸೆಯಿಂದ. 1913ರಲ್ಲಿ ಅಕ್ಕನನ್ನು ಬ್ಯಾಲೆ ಶಾಲೆಯ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಸೀಟು ಸಿಕ್ಕಿದ್ದು ಜೊತೆಗೆ ಹೋದ ತಮ್ಮನಿಗೆ. 1917ರ ಕ್ರಾಂತಿಯಲ್ಲಿ ಶಾಲೆಗೆ ಬೀಗ ಬಿತ್ತು. ಹೊಟ್ಟೆಪಾಡಿಗೆ ಮೂಕಿ ಸಿನಿಮಾ ನಡೆಯುವ ಕಡೆ ಪಿಯಾನೊ ನುಡಿಸಿದರು. ಶಾಲೆ ಮತ್ತೆ ತೆರೆದಾಗ ವಾಪಸ್ ಬಂದು, 1921ರಲ್ಲಿ ಮುಗಿಸಿದರು. ಅದರ ಜೊತೆಗೇ ಕನ್ಸರ್ವೇಟರಿಯಲ್ಲಿ ಸಂಗೀತವನ್ನೂ ಕಲಿತರು. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

1924ರಲ್ಲಿ ಒಂದು ಸಣ್ಣ ತಂಡದ ಜೊತೆ ಜರ್ಮನಿಗೆ ಕಾರ್ಯಕ್ರಮ ಕೊಡಲು ಹೋದವರು ಊರಿಗೆ ಮರಳಲಿಲ್ಲ. ಪ್ಯಾರಿಸ್‌ನಲ್ಲಿ ಡಿಯಾಗಿಲೆವ್ ಅವರ ಬ್ಯಾಲೆ ರೂಸ್ ತಂಡ ಸೇರಿದರು. ಅಷ್ಟುದ್ದದ ಹೆಸರು ಬ್ಯಾಲಂಚೀನ್ ಆದದ್ದು ಅಲ್ಲೇ. 1928ರಲ್ಲಿ ಸ್ಟ್ರಾವಿನ್ಸ್ಕಿ ಸಂಗೀತಕ್ಕೆ ‘ಅಪೊಲೊ’ ಕಟ್ಟಿದರು. ಏನನ್ನು ಬಿಡಬೇಕು ಅನ್ನುವುದನ್ನು ಆ ಸಂಗೀತದಿಂದ ಕಲಿತೆ ಎಂದು ಆಮೇಲೆ ಹೇಳಿಕೊಂಡಿದ್ದಾರೆ. ಮರುವರ್ಷವೇ ಡಿಯಾಗಿಲೆವ್ ತೀರಿಕೊಂಡರು, ತಂಡ ದಿಕ್ಕಾಪಾಲಾಯಿತು. ಬ್ಯಾಲಂಚೀನ್‌ಗೆ ಕ್ಷಯ ಹತ್ತಿತು. ಕೆಲಸ ಇಲ್ಲ, ದೇಶ ಇಲ್ಲ, ಆರೋಗ್ಯವೂ ಇಲ್ಲ.

1933ರಲ್ಲಿ ಲಿಂಕನ್ ಕರ್ಸ್ಟೀನ್ ಎಂಬ 26 ವರ್ಷದ ಅಮೆರಿಕನ್ ಬಂದು, ‘ನಮ್ಮಲ್ಲಿ ಬ್ಯಾಲೆ ಕಟ್ಟಿಕೊಡಿ’ ಎಂದು ಕರೆದರು. ತಂಡಕ್ಕೆ ಮೊದಲು ಶಾಲೆ ಆಗಬೇಕು ಎಂದು ಬ್ಯಾಲಂಚೀನ್ ಹೇಳಿದರಂತೆ. 1934ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ಶುರುವಾಯಿತು. ಅದರ ವಿದ್ಯಾರ್ಥಿನಿಯರಿಗಾಗಿ ಚೈಕೋವ್ಸ್ಕಿ ಸಂಗೀತಕ್ಕೆ ಕಟ್ಟಿದ್ದೇ ‘ಸೆರೆನೇಡ್’.

ಇದರ ಮೊದಲ ನಿಮಿಷವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಪರದೆ ಏಳುತ್ತದೆ. 17 ಹುಡುಗಿಯರು ನಿಂತಿದ್ದಾರೆ. ಪಾದಗಳು ಜೋಡಿಯಾಗಿ, ನೇರವಾಗಿ, ನಾವು ನೀವು ನಿಂತ ಹಾಗೇ ಇವೆ. ಬಲಗೈ ಮೇಲೆತ್ತಿ, ಅಂಗೈ ಹೊರಗೆ ಮಾಡಿ, ಬೆಳಕಿಗೆ ಅಡ್ಡ ಹಿಡಿದ ಹಾಗೆ ನಿಂತಿದ್ದಾರೆ. ಮಣಿಕಟ್ಟು ಬಾಗುತ್ತದೆ. ಕೈ ಹಣೆಯ ಹತ್ತಿರ ಬರುತ್ತದೆ, ಅಲ್ಲಿಂದ ಎದೆಗೆ ಇಳಿಯುತ್ತದೆ. ಆಮೇಲೆ ಹದಿನೇಳು ಜೊತೆ ಪಾದಗಳೂ ಒಟ್ಟಿಗೇ ಹೊರಕ್ಕೆ ತೆರೆದುಕೊಳ್ಳುತ್ತವೆ. ಬ್ಯಾಲೆಯ ಮೊದಲ ಪಾಠವೇ ಅದು, ಫಸ್ಟ್ ಪೊಸಿಷನ್. ಮಾಮೂಲಿಯಾಗಿ ನಿಂತಿದ್ದ ಹುಡುಗಿಯರು ಕಣ್ಣೆದುರೇ ನರ್ತಕಿಯರಾಗಿಬಿಡುತ್ತಾರೆ. ಮೊದಲ ದಿನ ತಾಲೀಮಿಗೆ 17 ಜನ ಬಂದಿದ್ದರು, ಅದಕ್ಕೇ 17. ಒಬ್ಬಳು ತಡವಾಗಿ ಬಂದಳು, ಒಬ್ಬಳು ಬಿದ್ದು ಅತ್ತಳು. ಅದೆಲ್ಲ ನೃತ್ಯದೊಳಗೆ ಸೇರಿತು, ಇವತ್ತಿಗೂ ಇದೆ.

1948ರಲ್ಲಿ ಅವರೂ ಕರ್ಸ್ಟೀನ್ ಅವರೂ ಸೇರಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಕಟ್ಟಿದರು. 1983ರ ಏಪ್ರಿಲ್ 30ರಂದು ಬ್ಯಾಲಂಚೀನ್ ತೀರಿಕೊಂಡರು. ಮಾಡಿದ ಕೃತಿಗಳು 400ಕ್ಕೂ ಹೆಚ್ಚು.

ಈಗ ಪ್ರಶ್ನೆ. ಕವಿ ಹೋದರೆ ಪುಸ್ತಕ ಇರುತ್ತದೆ. ನೃತ್ಯ ಕಟ್ಟಿದವರು ಹೋದರೆ ಏನಿರುತ್ತದೆ? ಅದು ಕುಣಿದವರ ಮೈಯಲ್ಲಿ ತಾನೇ ಇರುವುದು? ಹಾಗಾದರೆ ಅದು ಯಾರ ಸ್ವತ್ತು?

ಧಾರವಾಡದಾಂವ

ಚಲೋ ಬರೆದೀರಿ. ಆದರೆ ನಿಮ್ಮ ಪ್ರಶ್ನೆಗಿಂತ ಮೊದಲು ನನ್ನದೊಂದು ಪ್ರಶ್ನೆ. ‘ಸೆರೆನೇಡ್’ ಈಗಷ್ಟೇ ಸ್ವಲ್ಪ ನೋಡಿದೆ. ಚಂದ ಅದೆ. ಆದರೆ ಕಥೆ ಎಲ್ಲಿ? ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಹಂಸ ಆಗಿ ಶಾಪಗ್ರಸ್ತ ರಾಜಕುಮಾರಿ ಬರುತ್ತಾಳೆ ಅಂದರೆ ತಿಳಿಯುತ್ತದೆ. ಇಲ್ಲಿ ಒಬ್ಬಳು ಬೀಳುತ್ತಾಳೆ, ಇನ್ನೊಬ್ಬಳು ಬಂದು ಹೋಗುತ್ತಾಳೆ, ಕೊನೆಗೆ ಒಬ್ಬಳನ್ನು ಎತ್ತಿಕೊಂಡು ಹೋಗುತ್ತಾರೆ. ಯಾಕೆ, ಯಾರು ಅಂತ ಏನೂ ಇಲ್ಲ. ಕಥೆ ಇಲ್ಲದ ಕುಣಿತವನ್ನು ಅರ್ಧ ಗಂಟೆ ಏನಂತ ನೋಡಬೇಕು? ನನಗೆ ಖರೇನೇ ತಿಳಿದುಕೊಳ್ಳಬೇಕಾಗಿದೆ.

ಪಿಟೀಲು ಕಮಾನು

ಧಾರವಾಡದಾಂವ ಅವರೇ, ನಿಮ್ಮ ಊರಿನವರಿಗೆ ಇದನ್ನು ಹೇಳಬೇಕಾ? ಮಾತೇ ಇಲ್ಲದ ಆಲಾಪವನ್ನು ಒಂದು ತಾಸು ಕೂತು ಕೇಳುವ ಊರು ನಿಮ್ಮದು. ಅಲ್ಲಿ ಕಥೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನಮ್ಮ ಜತಿಸ್ವರ, ತಿಲ್ಲಾನಗಳಲ್ಲೂ ಕಥೆ ಇರಲ್ಲ, ಅಲ್ವಾ?

ಬ್ಯಾಲಂಚೀನ್ ಅವರನ್ನು ನಾನು ಹಿಡಿದದ್ದು ಸಂಗೀತದ ಕಡೆಯಿಂದ. ಅವರಿಗೆ ಸ್ಕೋರ್, ಅಂದರೆ ಸಂಗೀತದ ಸ್ವರಲಿಪಿ, ಓದಲು ಬರುತ್ತಿತ್ತು. ಇಡೀ ವಾದ್ಯವೃಂದದ ಸ್ಕೋರನ್ನು ತಾವೇ ಪಿಯಾನೊಗೆ ಇಳಿಸಿಕೊಂಡು, ಎಲ್ಲಿ ಯಾವ ಎಳೆ ಓಡುತ್ತದೆ ಅಂತ ಪೂರ್ತಿ ಕಲಿತುಕೊಂಡು ಆಮೇಲೆ ತಾಲೀಮಿಗೆ ಬರುತ್ತಿದ್ದರು. ಹಾಗಾಗಿ ಹೆಜ್ಜೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಅಗತ್ಯ ಅವರಿಗೆ ಇರಲಿಲ್ಲ. ಎದುರಿಗೆ ನಿಂತ ನರ್ತಕಿಯನ್ನು ನೋಡಿ ಅಲ್ಲೇ, ಆಗಲೇ ಕಟ್ಟುತ್ತಿದ್ದರು.

1941ರ ‘ಕನ್ಚೆರ್ಟೊ ಬರೊಕೊ’ ನೋಡಿ. ಬಾಖ್ ಎರಡು ಪಿಟೀಲುಗಳಿಗೂ ವಾದ್ಯವೃಂದಕ್ಕೂ ಬರೆದ ಕನ್ಚೆರ್ಟೊ ಅದರ ಸಂಗೀತ. ವೇದಿಕೆ ಮೇಲೆ ಇಬ್ಬರು ಮುಖ್ಯ ನರ್ತಕಿಯರು, ಹಿಂದೆ ಎಂಟು ಜನ. ಒಂದು ಪಿಟೀಲು ಒಬ್ಬಳದು, ಇನ್ನೊಂದು ಇನ್ನೊಬ್ಬಳದು. ಒಂದು ಪಿಟೀಲು ಹೇಳಿದ್ದನ್ನು ಇನ್ನೊಂದು ಹಿಡಿದುಕೊಂಡು ಮುಂದೆ ಹೋಗುವಾಗ ಇವಳು ಅವಳ ಬೆನ್ನಿಗೇ ಬರುತ್ತಾಳೆ. ಎರಡನೇ ಭಾಗ ವಿಳಂಬ. ಅಲ್ಲಿ ಮಾತ್ರ ಒಬ್ಬ ಗಂಡು ಬರುತ್ತಾನೆ. ಮೂರನೇ ಭಾಗದಲ್ಲಿ ಎಂಟು ಜನರೂ ಕಾಲ್ಬೆರಳ ತುದಿಯಲ್ಲಿ ನಿಂತು ಸಣ್ಣಗೆ ಕುಪ್ಪಳಿಸುತ್ತಾ, ಒತ್ತು ಬೀಳಬೇಕಾದ ಕಡೆ ಬೀಳಿಸದೆ, ಪಕ್ಕದಲ್ಲಿ ಬೀಳಿಸುತ್ತಾರೆ. ಜಂಟಿ ಪಿಟೀಲು ಕಚೇರಿ ಕೇಳಿ ಬೆಳೆದವರಿಗೆ ಆ ಕುಪ್ಪಳಿಕೆ ನೋಡುವಾಗ ಕೈ ತಾನಾಗಿ ತಾಳ ಹಾಕುತ್ತದೆ.

ಸ್ಟ್ರಾವಿನ್ಸ್ಕಿ ಜೊತೆಗಿನ ನಂಟು ಬೇರೆಯೇ ಮಟ್ಟದ್ದು. 1925ರಿಂದ ಸ್ಟ್ರಾವಿನ್ಸ್ಕಿ 1971ರಲ್ಲಿ ತೀರಿಕೊಳ್ಳುವ ತನಕ. ‘ಅಗಾನ್’ ಮಾಡುವಾಗ ಇಬ್ಬರೂ ಕೂತು ಯಾವ ತುಣುಕು ಎಷ್ಟು ನಿಮಿಷ, ಎಷ್ಟು ಸೆಕೆಂಡು ಅಂತ ಮೊದಲೇ ಲೆಕ್ಕ ಹಾಕಿದ್ದರು. ಗೆಳೆಯ ಹೋದ ಮರುವರ್ಷ, ಶೋಕಾಚರಣೆಯ ಬದಲು ಒಂದು ವಾರ ಪೂರ್ತಿ ಸ್ಟ್ರಾವಿನ್ಸ್ಕಿ ಉತ್ಸವ ಮಾಡಿದರು. ಆ ವಾರಕ್ಕಾಗಿ ಅವರು ಕಟ್ಟಿದ ‘ವಯೊಲಿನ್ ಕನ್ಚೆರ್ಟೊ’ ನನ್ನ ಮಟ್ಟಿಗೆ ಅವರ ಎಲ್ಲ ಕೆಲಸಗಳಿಗಿಂತ ಮೇಲು. ಒಪ್ಪದವರು ಬೇಕಾದಷ್ಟು ಜನ ಇರುತ್ತಾರೆ, ಇರಲಿ.

ಗೆಜ್ಜೆ ಕಟ್ಟಿದವಳು

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಇನ್ನೊಂದು ಮಗ್ಗುಲು ಹೇಳಲೇಬೇಕು. ನಾನು ನೃತ್ಯ ಕಲಿಸುತ್ತೇನೆ. ನನ್ನ ಹತ್ತಿರ ಬರುವ ಹದಿಮೂರು ಹದಿನಾಲ್ಕರ ಹುಡುಗಿಯರು ಕನ್ನಡಿ ನೋಡಿಕೊಂಡು ಹೊಟ್ಟೆ ಎಳೆದುಕೊಳ್ಳುವುದನ್ನು ದಿನಾ ನೋಡುತ್ತೇನೆ. ಹಾಗಾಗಿ ಈ ವಿಷಯ ನನಗೆ ದೂರದ್ದಲ್ಲ.

ಉದ್ದ ಕಾಲು, ಸಣ್ಣ ತಲೆ, ಉದ್ದ ಕತ್ತು, ಕಡ್ಡಿ ಮೈ. ‘ಬ್ಯಾಲಂಚೀನ್ ಮೈಕಟ್ಟು’ ಅಂತ ಬ್ಯಾಲೆ ಲೋಕದಲ್ಲಿ ಹೆಸರೇ ಬಿದ್ದುಬಿಟ್ಟಿದೆ. ಗೆಲ್ಸಿ ಕರ್ಕ್‌ಲೆಂಡ್ ಬ್ಯಾಲಂಚೀನ್ ತಂಡದಲ್ಲೇ ಬೆಳೆದ ಅದ್ಭುತ ನರ್ತಕಿ. 1986ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ, ಮೂಳೆ ಕಾಣುವಷ್ಟು ತೆಳ್ಳಗಿರಬೇಕು ಎಂಬ ಒತ್ತಾಯದ ಬಗ್ಗೆ, ಊಟ ಬಿಟ್ಟು ಆರೋಗ್ಯ ಹಾಳು ಮಾಡಿಕೊಂಡ ಬಗ್ಗೆ ಆಕೆ ಬರೆದಿದ್ದಾರೆ. ಆ ಮೈಕಟ್ಟಿನ ಆಸೆ ನ್ಯೂಯಾರ್ಕ್‌ನಲ್ಲೇ ನಿಲ್ಲಲಿಲ್ಲ. ಜಗತ್ತಿನ ಬ್ಯಾಲೆ ಶಾಲೆಗಳಿಗೆಲ್ಲ ಹರಡಿತು. ಇದೂ ಅವರು ಬಿಟ್ಟುಹೋದ ಆಸ್ತಿಯೇ.

ಅದೇ ತಂಡದ ಇನ್ನೊಬ್ಬ ನರ್ತಕಿ ಸುಝಾನ್ ಫ್ಯಾರೆಲ್ ವಿಷಯ ತೆಗೆದುಕೊಳ್ಳಿ. ಆಕೆಗೂ ಬ್ಯಾಲಂಚೀನ್ ಅವರಿಗೂ 41 ವರ್ಷದ ಅಂತರ. 1965ರಲ್ಲಿ ‘ಡಾನ್ ಕ್ವಿಕ್ಸೋಟ್’ ಮಾಡಿದಾಗ, ಮೊದಲ ಪ್ರದರ್ಶನಕ್ಕೆ ಮುದುಕ ಡಾನ್ ಆಗಿ ತಾವೇ ನಿಂತು, ಅವನು ಆರಾಧಿಸುವ ಹೆಣ್ಣಾಗಿ ಆಕೆಯನ್ನು ನಿಲ್ಲಿಸಿದರು. 1969ರಲ್ಲಿ ಆಕೆ ತಂಡದ ಇನ್ನೊಬ್ಬ ನರ್ತಕನನ್ನು ಮದುವೆಯಾದಳು. ಸ್ವಲ್ಪ ದಿನದಲ್ಲೇ ಗಂಡ ಹೆಂಡತಿ ಇಬ್ಬರೂ ತಂಡದಿಂದ ಹೊರಗೆ. ಆಕೆ ಬ್ರಸೆಲ್ಸ್‌ಗೆ ಹೋಗಿ ಮೊರಿಸ್ ಬೆಜಾರ್ ಎಂಬ ನೃತ್ಯ ಸಂಯೋಜಕರ ತಂಡದಲ್ಲಿ ಕುಣಿಯಬೇಕಾಯಿತು. ವಾಪಸ್ ಬಂದದ್ದು 1975ರಲ್ಲಿ.

ಒಬ್ಬ ಗಂಡಸು. ಶಾಲೆ ಅವನದು, ತಂಡ ಅವನದು, ಯಾವ ಪಾತ್ರ ಯಾರಿಗೆ ಅನ್ನುವ ತೀರ್ಮಾನ ಅವನದು. ಮದುವೆಯಾದವರೆಲ್ಲ ಅವನ ಕೈಕೆಳಗೆ ಕುಣಿದ ನರ್ತಕಿಯರೇ. ಹೆಣ್ಣನ್ನು ಪೂಜಿಸುತ್ತೇನೆ ಅನ್ನುತ್ತಿದ್ದರಂತೆ. ಪೂಜೆ ಮಾಡಿಸಿಕೊಂಡವಳಿಗೆ ಬೇಡ ಅನ್ನುವ ದಾರಿ ಎಷ್ಟಿತ್ತು ಅಂತ ಯಾರಾದರೂ ಹೇಳಿ.

ಕಾವೇರಿತೀರ

ಗೆಜ್ಜೆ ಕಟ್ಟಿದವಳು ಅಕ್ಕ, ನೀವು ಹೇಳಿದ್ದನ್ನು ಪಕ್ಕಕ್ಕಿಟ್ಟು ಬ್ಯಾಲಂಚೀನ್ ಬಗ್ಗೆ ಮಾತಾಡಲು ಆಗುವುದಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ, ಅವರ ಪರ ವಾದ ಅಂತ ಅಲ್ಲ. ಫ್ಯಾರೆಲ್ ತಮ್ಮ ಜೀವನದ ಕಥೆ ಬರೆದಾಗ ಅವರ ಬಗ್ಗೆ ಭಕ್ತಿಯಿಂದಲೇ ಬರೆದರು. ಮುಂದೆ ಸ್ವಂತ ತಂಡ ಕಟ್ಟಿ, 2017ರ ತನಕ ಅವರ ನೃತ್ಯಗಳನ್ನೇ ಮಾಡಿಸಿದರು. ಆಕೆ ನೊಂದದ್ದೂ ನಿಜ, ಆಕೆಗೆ ಸಿಕ್ಕಿದ್ದೂ ನಿಜ. ಕರ್ಕ್‌ಲೆಂಡ್ ಮತ್ತು ಫ್ಯಾರೆಲ್ ಇಬ್ಬರ ಮಾತನ್ನೂ ನಂಬುತ್ತೇನೆ. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ.

ದುಡ್ಡಿನ ವಿಷಯವೂ ಇದೆ. 1963ರಲ್ಲಿ ಫೋರ್ಡ್ ಫೌಂಡೇಶನ್ ಅಮೆರಿಕದ ಬ್ಯಾಲೆಗೆ 77 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಟ್ಟಿತು. ಅದರಲ್ಲಿ ಸಿಂಹಪಾಲು ಬ್ಯಾಲಂಚೀನ್ ಅವರ ಶಾಲೆಗೂ ತಂಡಕ್ಕೂ ಹೋಯಿತು. ಬೇರೆ ಬಗೆಯ ನೃತ್ಯ ಮಾಡುತ್ತಿದ್ದವರಿಗೆ ಸಿಟ್ಟು ಬಂದದ್ದು ಸಹಜ. ಒಂದೇ ರುಚಿ, ಒಂದೇ ಮೈಕಟ್ಟು ಇಡೀ ದೇಶಕ್ಕೆ ಹಬ್ಬಿದ್ದರ ಹಿಂದೆ ಪ್ರತಿಭೆಯ ಜೊತೆಗೆ ಈ ಹಣವೂ ಇದೆ.

ಹಡ್ಸನ್ ದಂಡೆ

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಡಿಸೆಂಬರ್ ಬಂತೆಂದರೆ ‘ನಟ್‌ಕ್ರ್ಯಾಕರ್’ ಶುರು. ಕನ್ನಡ ಕೂಟದ ಎಷ್ಟೋ ಮನೆಯವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಹಳೆಯ ರಷ್ಯನ್ ಬ್ಯಾಲೆ ಅದು, ನಾನು ಹೇಳುತ್ತಿರುವುದು ಬ್ಯಾಲಂಚೀನ್ 1954ರಲ್ಲಿ ಕಟ್ಟಿದ ರೂಪ. ಶಾಲೆಯ ಮಕ್ಕಳೇ ಅದರಲ್ಲಿ ಕುಣಿಯುತ್ತಾರೆ. ಮಧ್ಯರಾತ್ರಿಯ ದೃಶ್ಯದಲ್ಲಿ ಕ್ರಿಸ್‌ಮಸ್ ಮರ ನೆಲದೊಳಗಿಂದ ಮೇಲಕ್ಕೆ ಬೆಳೆಯುತ್ತದೆ. 12 ಅಡಿ ಇದ್ದದ್ದು 41 ಅಡಿ ಆಗುತ್ತದೆ. ಪಕ್ಕದಲ್ಲಿ ಕೂತ ಮಕ್ಕಳು ಕುರ್ಚಿ ಬಿಟ್ಟು ಎದ್ದು ನಿಂತುಬಿಡುತ್ತವೆ. ಇದರಲ್ಲಿ ಹುಡುಗರು ಬಳೆಯಂಥ ದೊಡ್ಡ ಚಕ್ರ ಹಿಡಿದು, ಅದರೊಳಗೆ ಹಾರುವ ಕುಣಿತವೊಂದಿದೆ. ಅದನ್ನು ಬ್ಯಾಲಂಚೀನ್ ಹೊಸದಾಗಿ ಕಟ್ಟಲಿಲ್ಲ. ಪೀಟರ್ಸ್‌ಬರ್ಗ್‌ನಲ್ಲಿ ತಾವು ಕುಣಿದದ್ದನ್ನು ಹಾಗೇ ತಂದರು. ಬಾಲಕ ರಾಜಕುಮಾರ ಕೈಸನ್ನೆಯಲ್ಲೇ ಯುದ್ಧದ ಕಥೆ ಹೇಳುವ ಭಾಗವೂ ಹಾಗೇ. ಕಾವೇರಿತೀರ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ ಆಗಬಹುದೇನೋ. ಕ್ರಾಂತಿ, ಯುದ್ಧ, ಸಮುದ್ರ ಎಲ್ಲ ದಾಟಿ ಆ ಹೆಜ್ಜೆ ಬಂದದ್ದು ಒಬ್ಬ ಹುಡುಗನ ಮೈಯಲ್ಲಿ.

1957ರ ‘ಅಗಾನ್’ ಬಗ್ಗೆ ಪಿಟೀಲು ಕಮಾನು ಸರ್ ಸಂಗೀತದ ಮಾತು ಹೇಳಿದರು. ಅದರ ಜೋಡಿ ನೃತ್ಯವನ್ನು ಮೊದಲು ಮಾಡಿದ್ದು ಆರ್ಥರ್ ಮಿಚೆಲ್ ಮತ್ತು ಡಯಾನಾ ಆ್ಯಡಮ್ಸ್. ಆತ ಕಪ್ಪು, ಆಕೆ ಬಿಳಿ. ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಯೊಳಗೆ ಬಿಡಲು ಸೈನ್ಯ ಕರೆಸಬೇಕಾದ ವರ್ಷ ಅದು. ಅದೇ ವರ್ಷ ಡಿಸೆಂಬರ್‌ನಲ್ಲಿ ಇವರಿಬ್ಬರು ಒಬ್ಬರ ಕೈ, ಕಾಲು, ಸೊಂಟ ಇನ್ನೊಬ್ಬರು ಹಿಡಿದು, ಒಬ್ಬರಿಗೊಬ್ಬರು ಹೆಣೆದುಕೊಂಡು ಕುಣಿದರು. ಮೈ ಮೇಲೆ ತಾಲೀಮಿನ ಕಪ್ಪು ಬಿಳಿ ಬಟ್ಟೆ ಬಿಟ್ಟರೆ ಏನೂ ಇಲ್ಲ. ಬಣ್ಣಗಳ ಆ ಜೋಡಣೆ ನೃತ್ಯದ ಭಾಗವೇ ಆಗಿತ್ತು ಎಂದು ಮಿಚೆಲ್ ಆಮೇಲೆ ಹೇಳಿಕೊಂಡಿದ್ದಾರೆ. 1969ರಲ್ಲಿ ಅವರು ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿದರು.

ಟನಾಕಿಲ್ ಲ ಕ್ಲರ್ಕ್ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಬ್ಯಾಲಂಚೀನ್ ಅವರ ಶಾಲೆಯಲ್ಲೇ ಕಲಿತು ಬೆಳೆದ ದೊಡ್ಡ ನರ್ತಕಿ, 1952ರ ಕೊನೆಯಲ್ಲಿ ಅವರ ಹೆಂಡತಿಯಾದವರು. 1956ರಲ್ಲಿ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ, ಕೋಪನ್‌ಹೇಗನ್‌ನಲ್ಲಿ ಪೋಲಿಯೊ ತಗುಲಿತು. ಆಗ 27 ವರ್ಷ. ಮತ್ತೆ ನಡೆಯಲಿಲ್ಲ. ಇದಕ್ಕೂ ಹತ್ತು ವರ್ಷ ಮೊದಲು, ಪೋಲಿಯೊ ಪರಿಹಾರ ನಿಧಿಗಾಗಿ ಬ್ಯಾಲಂಚೀನ್ ಒಂದು ಸಣ್ಣ ನೃತ್ಯ ಮಾಡಿದ್ದರು. ಅದರಲ್ಲಿ ರೋಗದ ಪಾತ್ರ ಅವರದು, ರೋಗ ಬಡಿದ ಹುಡುಗಿಯ ಪಾತ್ರ ಆಗ ಹದಿಹರೆಯದಲ್ಲಿದ್ದ ಇದೇ ಟನಾಕಿಲ್ ಅವರದು. ಆ ನೆನಪು ಅವರನ್ನು ಎಷ್ಟು ತಿಂದಿರಬೇಡ! ಸುಮಾರು ಒಂದು ವರ್ಷ ತಂಡ ಬಿಟ್ಟು ಹೆಂಡತಿಯ ಆರೈಕೆ ಮಾಡಿದರು. ಆಮೇಲೆ ಫ್ಯಾರೆಲ್ ಮೇಲೆ ಮನಸ್ಸು ಹೋಯಿತು, 1969ರಲ್ಲಿ ವಿಚ್ಛೇದನ ಆಯಿತು. ಎರಡೂ ಅದೇ ಮನುಷ್ಯನ ಕೆಲಸ. ಲ ಕ್ಲರ್ಕ್ ಮುಂದೆ ಮಿಚೆಲ್ ಅವರ ಹಾರ್ಲೆಮ್ ಶಾಲೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು, ಕಾಲಿನ ಕೆಲಸವನ್ನು ಕೈಗಳಲ್ಲಿ ತೋರಿಸಿ ಕಲಿಸಿದರು.

ದಸರಾ ಮೈದಾನ

ಗಂಭೀರವಾದ ಚರ್ಚೆ ನಡೆಯುತ್ತಿದೆ. ಮೈಸೂರಿನವನಾಗಿ ನಾನು ಆನೆ ವಿಷಯ ಹೇಳದೇ ಇರಲಾರೆ. 1942ರಲ್ಲಿ ರಿಂಗ್ಲಿಂಗ್ ಸರ್ಕಸ್‌ನವರು ಬ್ಯಾಲಂಚೀನ್ ಅವರಿಂದ ಆನೆಗಳಿಗೇ ಒಂದು ಬ್ಯಾಲೆ ಮಾಡಿಸಿದರು. 50 ಆನೆ, 50 ನರ್ತಕಿಯರು. ಸಂಗೀತ ಬರೆದುಕೊಡಿ ಎಂದು ಸ್ಟ್ರಾವಿನ್ಸ್ಕಿಗೆ ಫೋನ್ ಮಾಡಿದಾಗ, ಆನೆಗಳ ವಯಸ್ಸೆಷ್ಟು ಎಂದು ಅವರು ಕೇಳಿದರಂತೆ. ಚಿಕ್ಕವು ಅಂದದ್ದಕ್ಕೆ, ಹಾಗಾದರೆ ಸರಿ ಅಂತ ಒಪ್ಪಿದರಂತೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಬ್ರಾಡ್‌ವೇ ನಾಟಕ, ಹಾಲಿವುಡ್ ಸಿನಿಮಾ, ಸರ್ಕಸ್, ಯಾವ ಕೆಲಸವನ್ನೂ ಅವರು ಕೀಳೆಂದು ನೋಡಲಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿಕೊಡುವ ಕಸುಬುದಾರ ಅಂತಲೇ ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಅವರ ಈ ಗುಣ ನನಗೆ ಬಹಳ ಹಿಡಿಸುತ್ತದೆ.

ಕಡಲಕರೆ

ಕಾವೇರಿತೀರ ಅವರ ಪ್ರಶ್ನೆಗೆ ಬರುತ್ತೇನೆ. ನನ್ನದು ಉಡುಪಿ ಕಡೆ. ನಿಮ್ಮ ಪ್ರಶ್ನೆ ನಮ್ಮಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಬಂದಿದೆ, ಅದೂ ಶಿವರಾಮ ಕಾರಂತರ ವಿಷಯದಲ್ಲಿ.

ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಕಟ್ಟಿದ್ದು ಇಲ್ಲಿ ಹೆಚ್ಚಿನವರಿಗೆ ಗೊತ್ತು. ರಾತ್ರಿಯಿಡೀ ನಡೆಯುವ ಆಟವನ್ನು ಒಂದೆರಡು ತಾಸಿಗೆ ಇಳಿಸಿದರು. ಅರ್ಥಗಾರಿಕೆಯನ್ನು ತೆಗೆದೇ ಹಾಕಿದರು. ಪಿಟೀಲು, ಸ್ಯಾಕ್ಸೊಫೋನ್ ತಂದರು. ವೇಷಭೂಷಣ, ಬೆಳಕು ಎಲ್ಲವನ್ನೂ ತಿದ್ದಿದರು. ಮಾತು ತೆಗೆದರೆ ಯಕ್ಷಗಾನ ಉಳಿಯುತ್ತದಾ ಅಂತ ಕರಾವಳಿಯಲ್ಲಿ ದೊಡ್ಡ ಜಗಳವೇ ನಡೆಯಿತು. ಭೀಷ್ಮ ವಿಜಯ, ನಳ ದಮಯಂತಿ, ಅಭಿಮನ್ಯು ವಧೆ, ಪಂಚವಟಿ ಹೀಗೆ ಏಳು ಪ್ರಸಂಗಗಳನ್ನು ಈ ಬಗೆಯಲ್ಲಿ ಕಟ್ಟಿದರು. ಬ್ಯಾಲಂಚೀನ್ ಕಥೆಯನ್ನೇ ಬಿಟ್ಟರು, ಕಾರಂತರು ಕಥೆ ಇಟ್ಟುಕೊಂಡು ಮಾತು ಬಿಟ್ಟರು. ಆದರೆ ಕೈ ಹಾಕಿದ ರೀತಿ ಒಂದೇ ಥರ ಕಾಣುತ್ತದೆ. ಹಳೆಯದನ್ನು ಮೈಗೂಡಿಸಿಕೊಂಡವರು ಮಾತ್ರ ಅಷ್ಟು ಧೈರ್ಯವಾಗಿ ಕತ್ತರಿ ಹಾಕಬಲ್ಲರು.

ಕಾರಂತರು 1994ರ ಜೂನ್‌ನಲ್ಲಿ ಉಯಿಲು ಬರೆದು, ತಮ್ಮ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿಯಾಗಿದ್ದ ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ನವರು ದೆಹಲಿಯಲ್ಲಿ ಅಭಿಮನ್ಯು ವಧೆ ಆಡಿಸಿದರು. ತಮ್ಮನ್ನು ಕೇಳಲಿಲ್ಲ ಎಂದು ಮಲ್ಯ ಅವರು ಉಡುಪಿಯಲ್ಲಿ ದಾವೆ ಹಾಕಿದರು. ಉಯಿಲಿನಲ್ಲಿ ಪುಸ್ತಕಗಳ ಹಕ್ಕಿನ ಮಾತು ಸ್ಪಷ್ಟವಾಗಿತ್ತು. ನೃತ್ಯರೂಪಕವೂ ಅದರೊಳಗೆ ಬರುತ್ತದಾ ಅನ್ನುವುದೇ ಕಗ್ಗಂಟು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕದ ಪಂಗಡಕ್ಕೆ ಸೇರಿಸುತ್ತದೆ. ಆದರೆ ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ಅದು ದಾಖಲಾಗಿರಬೇಕು ಅನ್ನುತ್ತದೆ. ಹಾಗಾಗಿ ಈ ಬ್ಯಾಲೆ ಸಾಹಿತ್ಯವಲ್ಲ, ನಾಟಕ ಕೃತಿ ಎಂದು ತೀರ್ಮಾನವಾಯಿತು. ಹೆಸರಿಸದೆ ಉಳಿದ ಆಸ್ತಿಯೆಲ್ಲ ಮಲ್ಯ ಅವರಿಗೆ ಎಂಬ ಉಯಿಲಿನ ಮಾತಿನಡಿ ಅದರ ಹಕ್ಕೂ ಅವರಿಗೇ ಸೇರಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು ಒಂದು ತಿದ್ದುಪಡಿ ಮಾಡಿತು. ಕಾಯ್ದೆಯ 52ನೇ ಕಲಮು ಎಲ್ಲರಿಗೂ ಕೊಡುವ ವಿನಾಯಿತಿಗಳು, ಅಂದರೆ ಶಿಕ್ಷಣ ಸಂಸ್ಥೆಯೊಳಗೆ ಆಡುವುದು, ಟಿಕೆಟ್ ಇಲ್ಲದೆ ಹವ್ಯಾಸಿಗಳು ಆಡುವುದು, ಇವೆಲ್ಲ ಅಕಾಡೆಮಿಗೂ ಇರಬೇಕು ಎಂದಿತು.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಆದರೆ ಕೋರ್ಟು ಹಕ್ಕು ಯಾರದ್ದು ಅಂತ ಹೇಳಬಲ್ಲದು. ಅಭಿಮನ್ಯು ಚಕ್ರವ್ಯೂಹದೊಳಗೆ ನುಗ್ಗುವಾಗ ಕಾರಂತರು ಯಾವ ಹೆಜ್ಜೆ ಹೇಳಿಕೊಟ್ಟಿದ್ದರು ಅಂತ ಹೇಳಲಾರದು. ಬ್ಯಾಲಂಚೀನ್ ವಿಷಯದಲ್ಲಿ ಏನಾಯಿತು?

ಕಾವೇರಿತೀರ

ಕಡಲಕರೆ ಅವರೇ, ಈ ಕೊಂಡಿ ನನಗೆ ಹೊಳೆದೇ ಇರಲಿಲ್ಲ. ತುಂಬಾ ಧನ್ಯವಾದ.

ಬ್ಯಾಲಂಚೀನ್ ಕೂಡ ಉಯಿಲು ಬರೆದರು. ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ, 1978ರಲ್ಲಿ. ನೃತ್ಯಗಳನ್ನು ತಂಡಕ್ಕೆ ಬರೆಯಲಿಲ್ಲ, ಮನುಷ್ಯರಿಗೆ ಬರೆದರು. ನೂರಕ್ಕೂ ಹೆಚ್ಚು ನೃತ್ಯಗಳು ಹೆಸರು ಹೆಸರಾಗಿ ಅವರ ನರ್ತಕಿಯರಿಗೆ, ಆಪ್ತರಿಗೆ ಹಂಚಿಹೋದವು. ದೊಡ್ಡ ಪಾಲು ಸಿಕ್ಕಿದ್ದು ವಿಚ್ಛೇದನವಾಗಿದ್ದ ಲ ಕ್ಲರ್ಕ್ ಅವರಿಗೆ. ಬಹಳ ವರ್ಷ ಅವರ ಸಹಾಯಕಿಯಾಗಿದ್ದ ಬಾರ್ಬರಾ ಹೋರ್ಗನ್, ನರ್ತಕಿ ಕರಿನ್ ಫಾನ್ ಆರೋಲ್ಡಿಂಗನ್ ಅವರಿಗೂ ಸಿಕ್ಕಿದವು. 1987ರಲ್ಲಿ ಈ ಹಕ್ಕುಗಳನ್ನು ನೋಡಿಕೊಳ್ಳಲು ಬ್ಯಾಲಂಚೀನ್ ಟ್ರಸ್ಟ್ ಶುರುವಾಯಿತು. ಇವತ್ತು ಯಾವ ದೇಶದ ತಂಡವೇ ಆಗಲಿ, ‘ಕನ್ಚೆರ್ಟೊ ಬರೊಕೊ’ ಮಾಡಬೇಕೆಂದರೆ ಟ್ರಸ್ಟ್‌ನಿಂದ ಪರವಾನಗಿ ಪಡೆಯಬೇಕು. ಟ್ರಸ್ಟ್ ಬರೀ ಕಾಗದ ಕಳಿಸುವುದಿಲ್ಲ, ಆ ನೃತ್ಯ ಗೊತ್ತಿರುವ ಒಬ್ಬರನ್ನು ಕಳಿಸುತ್ತದೆ. ಅವರು ಬಂದು ತಾಲೀಮು ಮಾಡಿಸಿ ಸರಿ ಇದೆ ಅಂದ ಮೇಲೆಯೇ ಪ್ರದರ್ಶನ.

ಅಮೆರಿಕದಲ್ಲೂ ಕೋರ್ಟ್ ಮೆಟ್ಟಿಲು ಹತ್ತಿದ ಕಥೆ ಇದೆ. ಅಲ್ಲಿನ ಕಾಯ್ದೆಗೆ ನೃತ್ಯ ಸಂಯೋಜನೆ ಹೆಸರು ಹಿಡಿದು ಸೇರಿದ್ದೇ 1976ರಲ್ಲಿ. ಬ್ಯಾಲಂಚೀನ್ ಹೋದ ಮೇಲೆ ಮ್ಯಾಕ್‌ಮಿಲನ್ ಪ್ರಕಾಶನ ‘ನಟ್‌ಕ್ರ್ಯಾಕರ್’ ಫೋಟೊಗಳ ಪುಸ್ತಕ ತರಲು ಹೊರಟಿತು. ಉಯಿಲಿನ ಜವಾಬ್ದಾರಿ ಹೊತ್ತಿದ್ದ ಹೋರ್ಗನ್ ದಾವೆ ಹಾಕಿದರು. ನಿಂತ ಫೋಟೊ ನೋಡಿ ಯಾರಿಗೂ ಕುಣಿಯಲು ಬರುವುದಿಲ್ಲ, ಹಾಗಾಗಿ ಉಲ್ಲಂಘನೆ ಅಲ್ಲ ಎಂದು ಕೆಳಗಿನ ಕೋರ್ಟ್ ಹೇಳಿತು. 1986ರಲ್ಲಿ ಮೇಲಿನ ಕೋರ್ಟ್ ಒಪ್ಪಲಿಲ್ಲ. ಮತ್ತೆ ಕುಣಿಯಲು ಬರುತ್ತದೋ ಇಲ್ಲವೋ ಅನ್ನುವುದು ಅಳತೆಯಲ್ಲ, ಮೂಲದ ಸಾರ ಎಷ್ಟು ಬಂದಿದೆ ಅನ್ನುವುದು ಅಳತೆ ಎಂದಿತು. ಒಂದು ಜಿಗಿತದ ಫೋಟೊ ನೋಡಿದರೆ ಅದರ ಹಿಂದಿನ ಕ್ಷಣ, ಮುಂದಿನ ಕ್ಷಣ ನೋಡುಗರ ಕಣ್ಣಿಗೆ ಬರುತ್ತದೆ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಕಾನೂನಿನ ಕಾಗದದಲ್ಲಿ ನೃತ್ಯದ ಬಗ್ಗೆ ಇಷ್ಟು ಒಳ್ಳೆಯ ಮಾತು ನಾನು ಬೇರೆ ಕಡೆ ಓದಿಲ್ಲ.

ಗೆಜ್ಜೆ ಕಟ್ಟಿದವಳು

ಲ ಕ್ಲರ್ಕ್‌ಗೆ ದೊಡ್ಡ ಪಾಲು ಬರೆದದ್ದು ನನಗೆ ಹೊಸ ವಿಷಯ. ಅದು ಒಳ್ಳೆಯ ಕೆಲಸ, ಹೇಳಲು ನನಗೆ ಕಷ್ಟ ಇಲ್ಲ.

ಆದರೆ ಟ್ರಸ್ಟ್ ಕಳಿಸುವ ಜನರೂ ವಯಸ್ಸಾದವರು ತಾನೇ? ಬ್ಯಾಲಂಚೀನ್ ಎದುರು ನಿಂತು ಕಲಿತವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬ್ಯಾಲಂಚೀನ್ ತಮ್ಮ ನೃತ್ಯಗಳನ್ನು ತಾವೇ ತಿದ್ದುತ್ತಿದ್ದರು ಕೂಡ. ‘ಅಪೊಲೊ’ದ ಹುಟ್ಟಿನ ದೃಶ್ಯವನ್ನೇ 1979ರಲ್ಲಿ ಕಿತ್ತು ಹಾಕಿದರಲ್ಲ. ಹಾಗಾದರೆ ಯಾವ ವರ್ಷದ ಹೆಜ್ಜೆ ಸರಿ? ಯಾರ ಮೈಯಲ್ಲಿರುವುದು ಮೂಲ? ನನ್ನ ಗುರುಗಳು ಕಲಿಸಿದ ವರ್ಣವನ್ನು ನಾನೂ ನನ್ನ ಸಹಪಾಠಿಯೂ ಬೇರೆ ಬೇರೆ ಥರ ಕಲಿಸುತ್ತೇವೆ. ಇಬ್ಬರೂ ಗುರುಗಳು ಹೇಳಿಕೊಟ್ಟದ್ದೇ ಅಂತ ಪ್ರಮಾಣ ಮಾಡುತ್ತೇವೆ.

ಹಡ್ಸನ್ ದಂಡೆ

ಅದಕ್ಕೆ ಒಂದು ಒಳ್ಳೆಯ ಕೆಲಸ ನಡೆದಿದೆ, ಅಕ್ಕ. ಟ್ರಸ್ಟ್ ಬೇರೆ, ಬ್ಯಾಲಂಚೀನ್ ಫೌಂಡೇಶನ್ ಬೇರೆ. ಫೌಂಡೇಶನ್‌ನವರು 1990ರ ದಶಕದಿಂದ ಒಂದು ವಿಡಿಯೊ ಸಂಗ್ರಹ ಮಾಡುತ್ತಿದ್ದಾರೆ. ಅದರಲ್ಲಿ ಪ್ರದರ್ಶನ ಇರುವುದಿಲ್ಲ, ಪಾಠ ಇರುತ್ತದೆ. ಯಾರ ಮೇಲೆ ಆ ಪಾತ್ರ ಕಟ್ಟಿದ್ದರೋ ಅವರೇ ಬಂದು, ಈಗಿನ ನರ್ತಕಿಗೆ ಕಲಿಸುತ್ತಾರೆ. ಕ್ಯಾಮೆರಾ ಓಡುತ್ತಲೇ ಇರುತ್ತದೆ. ಮರಿಯಾ ಟಾಲ್‌ಚೀಫ್ ಕಲಿಸಿದ್ದಾರೆ. ಅಲಿಸಿಯಾ ಮಾರ್ಕೊವಾ ತಮ್ಮ 14ನೇ ವಯಸ್ಸಿನಲ್ಲಿ, 1925ರಲ್ಲಿ, ಬ್ಯಾಲಂಚೀನ್ ಹೇಳಿಕೊಟ್ಟದ್ದನ್ನು ಅಜ್ಜಿಯಾದ ವಯಸ್ಸಿನಲ್ಲಿ ನೆನಪು ಮಾಡಿಕೊಂಡು ತೋರಿಸಿದ್ದಾರೆ. ‘ಇಲ್ಲ, ಇಲ್ಲಿ ಉಸಿರು ತೆಗೆದುಕೋ’, ‘ಆ ಕೈ ಇನ್ನೂ ತಡವಾಗಿ ಬರಲಿ’ ಅನ್ನುವಂಥ ಮಾತುಗಳು ಪ್ರದರ್ಶನದ ವಿಡಿಯೊದಲ್ಲಿ ಸಿಗುವುದಿಲ್ಲ. 2019ರಲ್ಲಿ ಫ್ಯಾರೆಲ್ ಕೂಡ ಬಹಳ ವರ್ಷಗಳ ನಂತರ ನ್ಯೂಯಾರ್ಕ್ ಸಿಟಿ ಬ್ಯಾಲೆಗೆ ವಾಪಸ್ ಬಂದು, ತಮಗಾಗಿ 1967ರಲ್ಲಿ ಕಟ್ಟಿದ್ದ ‘ಡೈಮಂಡ್ಸ್’ ಅನ್ನು ಹೊಸ ಹುಡುಗಿಯರಿಗೆ ಕಲಿಸಿದರು.

ಧಾರವಾಡದಾಂವ

ಪಿಟೀಲು ಕಮಾನು ಸರ್ ಬರೆದದ್ದು ಓದಿ ಮೊದಲು ಕಣ್ಣು ಮುಚ್ಚಿ ಬಾಖ್ ಕೇಳಿದೆ, ಆಮೇಲೆ ‘ಬರೊಕೊ’ ನೋಡಿದೆ. ಎರಡನೇ ಭಾಗವನ್ನು ಎರಡು ಸಲ ನೋಡಿದೆ. ಕಥೆಯ ನೆನಪೇ ಆಗಲಿಲ್ಲ ನೋಡ್ರಿ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕಡಲಕರೆ

ಪಾಠದ ವಿಡಿಯೊ ಅನ್ನುವ ಮಾತು ಓದಿ ಕೂತಲ್ಲಿ ಕೂರಲಾಗಲಿಲ್ಲ. ಕಾರಂತರ ಕೈಯಲ್ಲಿ ತಾಲೀಮು ಮಾಡಿದ ಕಲಾವಿದರು ನಮ್ಮ ಕಡೆ ಇನ್ನೂ ಕೆಲವರು ಇದ್ದಾರೆ. ಪ್ರದರ್ಶನಗಳ ವಿಡಿಯೊ ಅಲ್ಲಿ ಇಲ್ಲಿ ಇವೆ. ಆದರೆ ಅವರು ಕೂತು, ‘ಈ ಜಾಗದಲ್ಲಿ ಕಾರಂತರು ಹೀಗೆ ತಿರುಗಿಸಿದರು, ಹೀಗೆ ಬೇಡ ಅಂದರು’ ಅಂತ ಒಬ್ಬ ಹುಡುಗನಿಗೆ ಹೇಳಿಕೊಡುವುದನ್ನು ಯಾರಾದರೂ ಚಿತ್ರೀಕರಿಸಬೇಕು. ಹಕ್ಕು ಇರುವವರ ಒಪ್ಪಿಗೆ ಮೊದಲು ಕೇಳೋಣ, ಆ ಕೆಲಸ ನಾನು ಮಾಡುತ್ತೇನೆ.

ಮೇ ಕೊನೆಗೆ ಪತ್ತನಾಜೆ ಕಳೆದರೆ ಮೇಳಗಳ ತಿರುಗಾಟ ನಿಲ್ಲುತ್ತದೆ, ಕಲಾವಿದರು ಮನೆಯಲ್ಲಿ ಸಿಗುತ್ತಾರೆ. ಮಳೆಗಾಲ ಪೂರ್ತಿ ಸಮಯ ಇದೆ. ಒಳ್ಳೆಯ ಕ್ಯಾಮೆರಾ, ಮೈಕು ಇರುವವರು, ಮುಖ್ಯವಾಗಿ ಚೆಂಡೆ ಮದ್ದಳೆಯ ಸದ್ದಿನ ನಡುವೆ ಮಾತು ಕೇಳುವ ಹಾಗೆ ರೆಕಾರ್ಡ್ ಮಾಡಲು ಬರುವವರು ಇಲ್ಲಿ ಯಾರಿದ್ದೀರಿ? ಗೆಜ್ಜೆ ಕಟ್ಟಿದವಳು ಅಕ್ಕ, ಏನೇನು ಪ್ರಶ್ನೆ ಕೇಳಬೇಕು ಅಂತ ಒಂದು ಪಟ್ಟಿ ನೀವು ಮಾಡಿಕೊಡಿ. ಕಲಿಸುವವರಿಗೇ ಅದು ಗೊತ್ತಾಗುವುದು.

ಗೆಜ್ಜೆ ಕಟ್ಟಿದವಳು

ಮಾಡಿಕೊಡುತ್ತೇನೆ. ಮೊದಲ ಪ್ರಶ್ನೆ ಈಗಲೇ ಬರೆದುಕೊಳ್ಳಿ: ಕಾರಂತರು ಹೇಳಿದ್ದರಲ್ಲಿ ನೀವು ಒಪ್ಪದೇ ಇದ್ದದ್ದು ಯಾವುದು, ಅದನ್ನು ಅವರಿಗೆ ಹೇಳಲು ಆಯಿತಾ?